ಆಂಟಿವೈರಸ್ ಕೊಳ್ಳುವ ಮುನ್ನ: ಫೋನಿಗೆ ಯಾವುದು, ಕಂಪ್ಯೂಟರಿಗೆ ಯಾವುದು, ಯಾವುದಕ್ಕೆ ದುಡ್ಡು ಕೊಡಬೇಕು?



ಮೆಕ್ಕೆಜೋಳ ಮಾರಿ ಆಯ್ತು. ದುಡ್ಡು ಖಾತೆಗೆ ಜಮಾ ಆಗಿದೆ ಅಂತ ಬ್ಯಾಂಕಿನ ಮೆಸೇಜೂ ಬಂತು. ರಾತ್ರಿ ಊಟ ಮುಗಿಸಿ ಜಗಲಿ ಮೇಲೆ ಕೂತು ಫೋನ್ ನೋಡ್ತಿದ್ದೀರಿ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಗುರುತಿನವರ ನಂಬರಿನಿಂದಲೇ ಒಂದು ಫೈಲ್ ಬಂದಿದೆ. ಹೆಸರು 'ಪಿಎಂ ಕಿಸಾನ್ ಯೋಜನೆ', ಕೊನೆಯಲ್ಲಿ 'ಡಾಟ್ ಎಪಿಕೆ'. ಕೆಳಗೆ ಒಂದು ಸಾಲು: ಕೆವೈಸಿ ಮಾಡದಿದ್ದರೆ ಮುಂದಿನ ಕಂತು ಬರಲ್ಲ, ತಕ್ಷಣ ಇನ್‌ಸ್ಟಾಲ್ ಮಾಡಿ.

ಒತ್ತಿದರೆ ಏನಾಗುತ್ತೆ ಅಂತ ಈಗ ತುಂಬ ಜನಕ್ಕೆ ಗೊತ್ತು. ಬೆಳಗಾಗುವಷ್ಟರಲ್ಲಿ ಖಾತೆ ಖಾಲಿ. ಗ್ರೂಪಿಗೆ ಅದೇ ಫೈಲ್ ಈಗ ನಿಮ್ಮ ಹೆಸರಿನಿಂದ ಹೋಗಿರುತ್ತೆ.

ಇಂಥ ಸುದ್ದಿ ಕೇಳಿದ ಕೂಡಲೇ ಹುಡುಗರು ಕೇಳುವ ಪ್ರಶ್ನೆ ಒಂದೇ: "ಯಾವ ಆಂಟಿವೈರಸ್ ಹಾಕಿಸ್ಬೇಕು?" ಶಿಕಾರಿಪುರ, ಸೊರಬ, ಶಿರಾಳಕೊಪ್ಪ, ಆನವಟ್ಟಿ, ಎಲ್ಲಿಯ ಮೊಬೈಲ್ ಅಂಗಡಿಗೆ ಹೋದರೂ ಏನೋ ಒಂದನ್ನು ಹಾಕಿ ಕೊಡ್ತಾರೆ. ಅದು ಬೇಕಾ, ಬೇಡವಾ, ಬೇಕಾದರೆ ಹೇಗೆ ಆರಿಸೋದು ಅನ್ನೋದೇ ಈ ವಾರದ ಲೇಖನ.

ಉತ್ತರ ಮೊದಲೇ ಹೇಳಿಬಿಡ್ತೀನಿ. ನಮ್ಮಲ್ಲಿ ಹೆಚ್ಚಿನವರು ಆಂಟಿವೈರಸ್‌ಗೆ ದುಡ್ಡು ಕೊಡುವ ಅಗತ್ಯ ಇಲ್ಲ. ಆಂಡ್ರಾಯ್ಡ್ ಫೋನಿನಲ್ಲೂ ವಿಂಡೋಸ್ ಕಂಪ್ಯೂಟರಿನಲ್ಲೂ ಒಬ್ಬ ಕಾವಲುಗಾರ ಆಗಲೇ ಇದ್ದಾನೆ. ಹೆಚ್ಚಿನ ಸಲ ಕಳ್ಳ ಒಳಗೆ ಬರೋದು ಕಾವಲು ಇಲ್ಲದ್ದಕ್ಕಲ್ಲ, ಆ ಕಾವಲುಗಾರನನ್ನು ನಾವೇ ಬದಿಗೆ ಸರಿಸಿ ಗೇಟು ತೆಗೆದದ್ದಕ್ಕೆ. ಆದರೆ ಕೆಲವರು ದುಡ್ಡು ಕೊಟ್ಟು ಕೊಳ್ಳಲೇಬೇಕು. ಯಾರು, ಯಾಕೆ ಅನ್ನೋದನ್ನೂ ನೋಡೋಣ.

ಸೊರಬಕ್ಕೆ ವೈರಸ್ ಹೊಸದಲ್ಲ

ವೈರಸ್ ಅನ್ನೋ ಪದ ಕಂಪ್ಯೂಟರಿಗಿಂತ ಮೊದಲೇ ನಮ್ಮ ಕಡೆ ಬಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನಕ್ಕೆ ಜ್ವರ ಬಂತು. ಆಗ ಗುರುತಿಸಿದ ವೈರಸ್ಸಿಗೆ ಇಡೀ ಜಗತ್ತು ಇವತ್ತಿಗೂ ಕ್ಯಾಸನೂರಿನ ಹೆಸರನ್ನೇ ಕರೆಯುತ್ತೆ. ನಾವು ಮಂಗನ ಕಾಯಿಲೆ ಅಂತೀವಿ.

ಆ ವೈರಸ್ ಗಾಳಿಯಲ್ಲಿ ಹಾರಿ ಬಂದು ಹಿಡಿಯಲ್ಲ. ಉಣುಗು ಕಚ್ಚಬೇಕು. ಅದಕ್ಕೇ ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕ್ಕೋಬೇಕು, ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು, ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡ್ಬೇಕು ಅಂತ ಆರೋಗ್ಯ ಇಲಾಖೆ ಹೇಳೋದು. ಜ್ವರ ಬಂದ ಮೇಲೆ ಮಾಡುವ ಚಿಕಿತ್ಸೆಗಿಂತ ಉಣುಗು ಹತ್ತದಂತೆ ನೋಡಿಕೊಳ್ಳುವುದೇ ದೊಡ್ಡದು.

ಫೋನಿನ ಕಥೆಯೂ ಇಷ್ಟೇ. ನಮ್ಮ ಫೋನಿಗೆ ಉಣುಗು ಅಂದರೆ ಎಪಿಕೆ ಫೈಲ್. ಆಂಡ್ರಾಯ್ಡ್ ಆಪ್‌ಗಳನ್ನು ಕಟ್ಟಿ ಕಳಿಸುವ ಪೊಟ್ಟಣಕ್ಕೆ ಎಪಿಕೆ ಅಂತಾರೆ. ಪೊಟ್ಟಣ ಕೆಟ್ಟದ್ದಲ್ಲ, ಎಲ್ಲಿಂದ ಬಂತು ಅನ್ನೋದು ಮುಖ್ಯ. ವಾಟ್ಸಾಪಿಗೆ ಆ ಫೈಲ್ ಬಂದು ಬಿದ್ದ ಮಾತ್ರಕ್ಕೆ ಏನೂ ಆಗಲ್ಲ. ನೀವು ಒತ್ತಿ, ಇನ್‌ಸ್ಟಾಲ್ ಮಾಡಿ, ಕೇಳಿದ ಅನುಮತಿ ಕೊಟ್ಟಾಗಲೇ ಅದು ಕಚ್ಚೋದು.

2023ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಭದ್ರತಾ ತಜ್ಞರು ಭಾರತದ ಮೊಬೈಲ್ ಬಳಕೆದಾರರ ಮೇಲೆ ನಡೀತಿದ್ದ ಇಂಥದ್ದೇ ದಾಳಿ ಬಗ್ಗೆ ವಿವರವಾಗಿ ಬರೆದರು. ಬ್ಯಾಂಕ್, ಸರ್ಕಾರಿ ಸೇವೆಗಳ ಹೆಸರಿನಲ್ಲಿ ವಾಟ್ಸಾಪ್ ಮತ್ತು ಟೆಲಿಗ್ರಾಮ್ ಮೂಲಕ ಎಪಿಕೆ ಕಳಿಸಿ ಜನರ ಎಸ್‌ಎಂಎಸ್, ಕಾರ್ಡ್ ವಿವರ ಕದಿಯುತ್ತಿದ್ದರು. 2025ರಲ್ಲಿ ಮೆಕಾಫಿ ಕಂಪನಿಯವರು ಇನ್ನೊಂದನ್ನು ಹಿಡಿದರು. ಅದು ಸೋಲಾರ್ ಸಬ್ಸಿಡಿಯ ಪಿಎಂ ಸೂರ್ಯ ಘರ್ ಯೋಜನೆ ಹೆಸರಿನ ನಕಲಿ ಆಪ್. ಸಬ್ಸಿಡಿ, ಕಂತು, ವಿಮೆ, ಚಲನ್, ಮದುವೆ ಕಾಗದ: ನಾವು ಯಾವುದನ್ನು ಕಾಯ್ತಾ ಇರ್ತೀವೋ, ಯಾವುದಕ್ಕೆ ಹೆದರ್ತೀವೋ, ಅದರ ಹೆಸರನ್ನೇ ಇಡ್ತಾರೆ.

ಆಂಟಿವೈರಸ್ ಹೇಗೆ ಕೆಲಸ ಮಾಡುತ್ತೆ?

ಇದಕ್ಕೆ ನಮ್ಮ ಜೋಳದ ಹೊಲದ ಉದಾಹರಣೆಯೇ ಸಾಕು. 2018ರ ಮೇ ತಿಂಗಳಲ್ಲಿ ಫಾಲ್ ಸೈನಿಕ ಹುಳುವನ್ನು ಭಾರತದಲ್ಲೇ ಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗದಲ್ಲಿ. ಈಗ ಅದನ್ನು ನಾವು ಎರಡು ರೀತಿ ಪತ್ತೆ ಮಾಡ್ತೀವಿ. ಒಂದು, ಹುಳುವಿನ ಗುರುತು: ತಲೆ ಮೇಲೆ ತಲೆಕೆಳಗಾದ 'ವೈ' ಗೆರೆ, ಹಿಂಭಾಗದಲ್ಲಿ ಚೌಕದಂತೆ ನಾಲ್ಕು ಚುಕ್ಕಿ. ಎರಡು, ಹುಳು ಕಾಣದಿದ್ದರೂ ಅದರ ಕೆಲಸ: ಸುಳಿಯಲ್ಲಿ ಹಸಿ ಮರದಪುಡಿ ತರದ ಲದ್ದಿ, ಎಲೆಯಲ್ಲಿ ತೂತು.

ಆಂಟಿವೈರಸ್ ಕೂಡ ಹೀಗೇ ಮಾಡುತ್ತೆ. ಮೊದಲನೆಯದು, ಈಗಾಗಲೇ ಗೊತ್ತಿರುವ ಕೆಟ್ಟ ಆಪ್‌ಗಳ ಗುರುತಿನ ಪಟ್ಟಿ ಇಟ್ಟುಕೊಂಡು ಹೋಲಿಸಿ ನೋಡುತ್ತೆ. ಆ ಪಟ್ಟಿ ದಿನವೂ ಅಪ್‌ಡೇಟ್ ಆಗ್ಬೇಕು. ಅಪ್‌ಡೇಟ್ ನಿಂತ ಆಂಟಿವೈರಸ್ ಅಂದರೆ 2017ರ ಕೀಟಗಳ ಪುಸ್ತಕ ಹಿಡಿದು ಸೈನಿಕ ಹುಳು ಹುಡುಕಿದಂತೆ. ಎರಡನೆಯದು, ಆಪ್ ಮಾಡುವ ಕೆಲಸ ನೋಡುತ್ತೆ. ಮದುವೆ ಕಾಗದದ ಆಪ್‌ಗೆ ಎಸ್‌ಎಂಎಸ್ ಓದುವ ಕೆಲಸ ಏನು? ಅಲ್ಲಿ ಅನುಮಾನ ಬರುತ್ತೆ.

ಆದರೆ ಎರಡು ವಿಷಯದಲ್ಲಿ ಯಾವ ಆಂಟಿವೈರಸ್ಸೂ ನಿಮ್ಮನ್ನು ಕಾಯಲಾರದು. ನಿನ್ನೆ ಹುಟ್ಟಿದ ಹೊಸ ಕಳ್ಳ ಆಪ್ ಒಂದೆರಡು ದಿನ ಯಾರ ಪಟ್ಟಿಯಲ್ಲೂ ಇಲ್ಲದೇ ಇರಬಹುದು. ಇನ್ನೊಂದು, ಫೋನ್ ಮಾಡಿ ನಯವಾಗಿ ಮಾತಾಡಿ ನಿಮ್ಮ ಬಾಯಿಂದಲೇ ಒಟಿಪಿ ಹೇಳಿಸಿಕೊಂಡರೆ ಸಾಫ್ಟ್‌ವೇರ್ ಏನೂ ಮಾಡಲು ಆಗಲ್ಲ.

ಫೋನಿನಲ್ಲಿ ಈಗಾಗಲೇ ಏನಿದೆ?

ಪ್ಲೇ ಸ್ಟೋರ್ ಇರುವ ಎಲ್ಲ ಆಂಡ್ರಾಯ್ಡ್ ಫೋನಿನಲ್ಲೂ 'ಪ್ಲೇ ಪ್ರೊಟೆಕ್ಟ್' ಅನ್ನೋದು ಇರುತ್ತೆ. ಗೂಗಲ್ ಕೊಡುವ ಉಚಿತ ಆಂಟಿವೈರಸ್ ಅದು. ಪ್ಲೇ ಸ್ಟೋರಿನಿಂದ ಬಂದದ್ದನ್ನೂ ಹೊರಗಿನಿಂದ ಬಂದದ್ದನ್ನೂ ತಪಾಸಣೆ ಮಾಡುತ್ತೆ. ಕೆಲವು ವರ್ಷಗಳ ಹಿಂದಿನ ಪರೀಕ್ಷೆಗಳಲ್ಲಿ ಇದು ಬೇರೆ ಆಂಟಿವೈರಸ್‌ಗಳಿಗಿಂತ ಹಿಂದೆ ಬಿದ್ದಿತ್ತು, ಅದನ್ನು ಮುಚ್ಚಿಡೋದು ಬೇಡ. ಆದರೆ ಆಮೇಲೆ ಸುಧಾರಿಸಿದೆ. 2023ರ ಅಕ್ಟೋಬರಿನಲ್ಲಿ, ಹಿಂದೆಂದೂ ನೋಡಿರದ ಆಪ್‌ಗಳ ಒಳಗಿನ ಕೋಡನ್ನು ಇನ್‌ಸ್ಟಾಲ್ ಆಗುವ ಹೊತ್ತಿಗೇ ಪರಿಶೀಲಿಸುವ ವ್ಯವಸ್ಥೆ ತಂದರು. ಅದನ್ನು ಶುರು ಮಾಡಿದ್ದೇ ಭಾರತದಿಂದ. 2024ರಲ್ಲಿ ಸಿಂಗಪುರದಲ್ಲಿ ಇನ್ನೊಂದು ಕ್ರಮ ಪ್ರಯೋಗ ಮಾಡಿ ಬಳಿಕ ಭಾರತಕ್ಕೂ ತಂದರು: ಬ್ರೌಸರ್, ವಾಟ್ಸಾಪ್ ತರದ ದಾರಿಯಿಂದ ಬಂದ ಆಪ್ ಎಸ್‌ಎಂಎಸ್ ಓದುವಂಥ ಅಪಾಯದ ಅನುಮತಿ ಕೇಳುವಂಥದ್ದಾದರೆ ಇನ್‌ಸ್ಟಾಲ್ ಆಗದಂತೆ ತಡೆಯುವುದು.

ಅಂದರೆ ವಾಟ್ಸಾಪಿನ ಎಪಿಕೆ ಒತ್ತಿದಾಗ ಫೋನ್ ಸುಮ್ಮನೆ ಒಳಗೆ ಬಿಡಲ್ಲ. 'ಇಲ್ಲಿಂದ ಬಂದ ಆಪ್ ಹಾಕಲು ಅನುಮತಿ ಇಲ್ಲ' ಅನ್ನುತ್ತೆ. ನಾವು ಸೆಟ್ಟಿಂಗ್ಸ್‌ಗೆ ಹೋಗಿ 'ಅಲೋ' ಒತ್ತುತ್ತೀವಿ. ಆಮೇಲೆ ಪ್ಲೇ ಪ್ರೊಟೆಕ್ಟ್ ಕೆಂಪು ಗುರುತು ಹಾಕಿ ಎಚ್ಚರಿಸುತ್ತೆ. ನಾವು 'ಆದರೂ ಇನ್‌ಸ್ಟಾಲ್ ಮಾಡು' ಒತ್ತುತ್ತೀವಿ. ಕೊನೆಗೆ ಆಪ್ 'ಎಸ್‌ಎಂಎಸ್ ನೋಡಲು ಬಿಡಿ' ಅನ್ನುತ್ತೆ, ಅದಕ್ಕೂ ಹ್ಞೂಂ ಅಂತೀವಿ. ಮೂರು ಕಡೆ ನಾಯಿ ಬೊಗಳಿದೆ. ಮೂರು ಸಲವೂ ನಾವೇ ನಾಯಿಗೆ ಗದರಿದ್ದೀವಿ. ಎಷ್ಟೋ ಸಲ ಕಳ್ಳನೇ ಫೋನಿನಲ್ಲಿ ಮಾತಾಡ್ತಾ "ಸರ್, ಅದು ಮಾಮೂಲಿ ವಾರ್ನಿಂಗ್, ಆಫ್ ಮಾಡಿ" ಅಂತಾನೆ. ನಿಜವಾದ ಬ್ಯಾಂಕಿನವರಾಗಲಿ ಇಲಾಖೆಯವರಾಗಲಿ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅಂತ ಹೇಳಲ್ಲ. ಹೇಳಿದರು ಅಂದರೆ ಆ ಕಡೆ ಇರೋನು ಕಳ್ಳ.

ಅನುಮತಿಗಳ ಪೈಕಿ ಎರಡರ ಮೇಲೆ ಕಣ್ಣಿಡಿ. ಒಂದು ಎಸ್‌ಎಂಎಸ್: ಇದು ಸಿಕ್ಕರೆ ಒಟಿಪಿ ನಿಮಗಿಂತ ಮೊದಲು ಅವನಿಗೆ ಸಿಗುತ್ತೆ. ಇನ್ನೊಂದು 'ಆಕ್ಸೆಸಿಬಿಲಿಟಿ': ಕಣ್ಣು ಕಾಣದವರಿಗೆ ನೆರವಾಗಲಿ ಅಂತ ಕೊಟ್ಟಿರುವ ಸೌಲಭ್ಯ ಇದು. ಇದು ಸಿಕ್ಕ ಆಪ್ ನಿಮ್ಮ ಪರದೆಯನ್ನು ಓದಬಲ್ಲದು, ನಿಮ್ಮ ಬದಲು ತಾನೇ ಬಟನ್ ಒತ್ತಬಲ್ಲದು.

ಪಿಎಂ ಕಿಸಾನ್, ರೈತರ ಬೆಳೆ ಸಮೀಕ್ಷೆ, ಸರ್ವೆ ನಂಬರ್ ನೋಡುವ ದಿಶಾಂಕ್, ಈ ಮೂರೂ ಆಪ್ ಪ್ಲೇ ಸ್ಟೋರಿನಲ್ಲೇ ಇವೆ. ಹಾಗಾಗಿ ವಾಟ್ಸಾಪಿನಲ್ಲಿ ಎಪಿಕೆಯಾಗಿ ಬರುವ ಸರ್ಕಾರಿ ಆಪ್ ಯಾವುದನ್ನೂ ನಂಬಬೇಡಿ. ಸಂಶಯ ಬಂದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಒಂದು ದಿನ ತಡವಾದರೆ ಕಂತು ಎಲ್ಲಿಗೂ ಓಡಿಹೋಗಲ್ಲ.

ಹಾಗಾದರೆ ಫೋನಿಗೆ ಬೇರೆ ಆಂಟಿವೈರಸ್ ಬೇಕಾ?

ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆಪ್ ಹಾಕಲ್ಲ ಅನ್ನೋ ಶಿಸ್ತು ಇದ್ದರೆ, ಪ್ಲೇ ಪ್ರೊಟೆಕ್ಟ್ ಆನ್ ಇದ್ದರೆ, ಬೇರೆ ಬೇಡ. ಮನೆಯಲ್ಲಿ ಹಿರಿಯರ ಕೈಯಲ್ಲೋ ಮಕ್ಕಳ ಕೈಯಲ್ಲೋ ಫೋನ್ ಇರುತ್ತೆ, ಏನು ಒತ್ತುತ್ತಾರೋ ಗೊತ್ತಿಲ್ಲ ಅನ್ನುವವರು ಒಂದು ಒಳ್ಳೆಯದನ್ನು ಹಾಕಿಕೊಂಡರೆ ತಪ್ಪಿಲ್ಲ. ಆದರೆ ಆರಿಸುವಾಗ ಎರಡು ಹಳೆಯ ಕಥೆ ನೆನಪಿರಲಿ.

2014ರಲ್ಲಿ ಪ್ಲೇ ಸ್ಟೋರಿನಲ್ಲಿ 'ವೈರಸ್ ಶೀಲ್ಡ್' ಅಂತ ಒಂದು ಆಪ್ ಬಂತು. ಬೆಲೆ ಸುಮಾರು 4 ಡಾಲರ್. 10,000ಕ್ಕೂ ಹೆಚ್ಚು ಜನ ಕೊಂಡರು. ಅದು ಮಾಡುತ್ತಿದ್ದ ಕೆಲಸ ಇಷ್ಟೇ: ಒತ್ತಿದರೆ ಪರದೆ ಮೇಲಿನ ಗುರಾಣಿಯ ಚಿತ್ರದಲ್ಲಿ ತಪ್ಪು ಗುರುತು ಹೋಗಿ ಸರಿ ಗುರುತು ಬರೋದು. ಒಳಗೆ ಏನೂ ಇರಲಿಲ್ಲ. ಗೊತ್ತಾದ ಮೇಲೆ ಗೂಗಲ್ ಅದನ್ನು ತೆಗೆದುಹಾಕಿ ದುಡ್ಡು ವಾಪಸ್ ಕೊಡಬೇಕಾಯ್ತು.

2019ರಲ್ಲಿ ಆಸ್ಟ್ರಿಯಾ ದೇಶದ ಎವಿ ಕಂಪ್ಯಾರಟಿವ್ಸ್ ಅನ್ನೋ ಪರೀಕ್ಷಾ ಸಂಸ್ಥೆ ಪ್ಲೇ ಸ್ಟೋರಿನ 250 ಆಂಟಿವೈರಸ್ ಆಪ್‌ಗಳನ್ನು ತೆಗೆದುಕೊಂಡು 2,000 ಕಳ್ಳ ಆಪ್‌ಗಳ ಮುಂದೆ ಬಿಟ್ಟಿತು. ಅವುಗಳಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚನ್ನು ಹಿಡಿದು, ಒಳ್ಳೆಯ ಆಪ್‌ಗಳ ಮೇಲೆ ಸುಳ್ಳು ಎಚ್ಚರಿಕೆ ಕೊಡದೇ ಪಾಸಾದವು 80 ಮಾತ್ರ. ಕೆಲವಂತೂ ಆಪ್‌ನ ಹೆಸರು ನೋಡಿ ಮಾತ್ರ ಒಳ್ಳೆಯದು, ಕೆಟ್ಟದ್ದು ಅನ್ನುತ್ತಿದ್ದವು. ತಮ್ಮ ಹೆಸರನ್ನೇ ಒಳ್ಳೆಯವರ ಪಟ್ಟಿಗೆ ಸೇರಿಸಲು ಮರೆತಿದ್ದ ಕೆಲವು, ತಮ್ಮನ್ನು ತಾವೇ ವೈರಸ್ ಅಂತ ತೋರಿಸಿದವು!

ಪ್ಲೇ ಸ್ಟೋರಿನಲ್ಲಿ ನಾಲ್ಕೂವರೆ ಸ್ಟಾರ್ ಇದೆ, ಲಕ್ಷಾಂತರ ಡೌನ್‌ಲೋಡ್ ಆಗಿದೆ ಅನ್ನೋದು ಸಾಲದು. ಬೀಜದ ಚೀಲದ ಮೇಲಿನ ಚಿತ್ರ ನೋಡಿ ಬೀಜ ಕೊಳ್ಳುತ್ತೀವಾ? ಮೊಳಕೆ ಪ್ರಮಾಣ ಎಷ್ಟು, ಪರೀಕ್ಷೆ ಯಾವಾಗ ಆಗಿದೆ ಅಂತ ಚೀಟಿ ನೋಡ್ತೀವಿ. ಇಲ್ಲೂ ಹಾಗೇ ಚೀಟಿ ಇದೆ.

ಆ ಚೀಟಿ ಎಲ್ಲಿ ಸಿಗುತ್ತೆ?

ಜರ್ಮನಿಯ ಎವಿ ಟೆಸ್ಟ್, ಆಸ್ಟ್ರಿಯಾದ ಎವಿ ಕಂಪ್ಯಾರಟಿವ್ಸ್, ಈ ಎರಡೂ ವರ್ಷವಿಡೀ ಆಂಟಿವೈರಸ್‌ಗಳನ್ನು ಪರೀಕ್ಷೆ ಮಾಡಿ ಫಲಿತಾಂಶವನ್ನು ತಮ್ಮ ವೆಬ್‌ಸೈಟಿನಲ್ಲಿ ಉಚಿತವಾಗಿ ಹಾಕ್ತವೆ. ಎವಿ ಟೆಸ್ಟ್‌ನವರ ಅಂಕ ಓದುವುದು ಸುಲಭ. ಮೂರು ವಿಷಯ, ಒಂದೊಂದಕ್ಕೆ 6 ಅಂಕ, ಒಟ್ಟು 18. ವೈರಸ್ ಎಷ್ಟು ಹಿಡಿಯಿತು, ಸಾಧನವನ್ನು ಎಷ್ಟು ನಿಧಾನ ಮಾಡಿತು, ಒಳ್ಳೆಯ ಆಪ್‌ಗಳನ್ನು ಸುಮ್ಮನೆ ಕೆಟ್ಟದ್ದು ಅಂದಿತಾ, ಇವೇ ಆ ಮೂರು. ಮೊದಲನೆಯದರಲ್ಲಿ 6ಕ್ಕೆ 6 ಬಾರದ್ದನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ಫಲಿತಾಂಶದ ತಿಂಗಳನ್ನೂ ನೋಡಿ, ಮೂರು ವರ್ಷ ಹಳೆಯದು ಪ್ರಯೋಜನ ಇಲ್ಲ.

ನಮ್ಮ ದೇಶದವೇ ಆದ ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7, ಮುಂಬೈಯ ಇಸ್ಕ್ಯಾನ್ ಇವೆ. ರೊಮೇನಿಯಾದ ಬಿಟ್‌ಡಿಫೆಂಡರ್, ಸ್ಲೊವಾಕಿಯಾದ ಇಸೆಟ್ ತರದ ವಿದೇಶಿ ಕಂಪನಿಗಳೂ ಇವೆ. ಇದೇ ಕೊಳ್ಳಿ ಅಂತ ನಾನು ಒಂದರ ಹೆಸರು ಹೇಳಲ್ಲ, ಯಾಕಂದ್ರೆ ಅಂಕಗಳು ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಹೆಸರಿಗಿಂತ ಅಂಕ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಐಫೋನ್ ಇಟ್ಟುಕೊಂಡವರಿಗೆ ಒಂದು ಮಾತು: ಅದರಲ್ಲಿ ಒಂದು ಆಪ್ ಇನ್ನೊಂದು ಆಪ್‌ನ ಒಳಗೆ ಹೋಗಿ ಹುಡುಕಲು ಆಪಲ್ ಬಿಡಲ್ಲ. ಹಾಗಾಗಿ ವೈರಸ್ ಸ್ಕ್ಯಾನ್ ಮಾಡ್ತೀವಿ ಅನ್ನುವ ಆಪ್‌ಗೆ ಅಲ್ಲಿ ದುಡ್ಡು ಕೊಡಬೇಡಿ.

ಕಂಪ್ಯೂಟರಿಗೆ ಯಾವುದು?

ವಿಂಡೋಸ್ 10 ಮತ್ತು 11ರಲ್ಲಿ 'ಮೈಕ್ರೋಸಾಫ್ಟ್ ಡಿಫೆಂಡರ್' ಜೊತೆಗೇ ಬಂದಿರುತ್ತೆ, ಉಚಿತ. ಎವಿ ಟೆಸ್ಟ್‌ನ ಇತ್ತೀಚಿನ ವರ್ಷಗಳ ಪರೀಕ್ಷೆಗಳಲ್ಲಿ ಇದಕ್ಕೆ ಪೂರ್ತಿ ಅಂಕ ಇಲ್ಲವೇ ಅದರ ಹತ್ತಿರದ ಅಂಕ ಬರ್ತಾ ಇದೆ. ಪಹಣಿ ತೆಗೆಯೋಕೆ, ಲೆಕ್ಕ ಬರೆಯೋಕೆ, ಮಕ್ಕಳ ಓದಿಗೆ ಅಂತ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಇದು ಸಾಕು.

ಆದರೆ ಆಂಟಿವೈರಸ್ಸಿಗಿಂತ ಮೊದಲು ನೋಡಬೇಕಾದ್ದು ವಿಂಡೋಸಿನ ಅಪ್‌ಡೇಟ್. 2017ರ ಮೇ 12ರಂದು ಶುರುವಾದ 'ವಾನಾಕ್ರೈ' ದಾಳಿ ಸುಮಾರು 150 ದೇಶಗಳ ಕಂಪ್ಯೂಟರುಗಳ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಂಡಿದ್ದವರು ಉಳಿದರು, 'ಆಮೇಲೆ ನೋಡೋಣ' ಅಂದವರು ಸಿಕ್ಕಿಬಿದ್ದರು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದೂ ಮಳೆ ಹಿಡಿಯುವ ಮುನ್ನ ತಾನೇ?

ಇಲ್ಲೇ ಒಂದು ಕಷ್ಟ ಇದೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಬೆಂಬಲ ನಿಂತಿದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. ಕಿಂಡಿ ಮುಚ್ಚುವವರೇ ಇಲ್ಲದ ಮನೆಗೆ ಎಷ್ಟು ಒಳ್ಳೆ ಕಾವಲುಗಾರನನ್ನು ಇಟ್ಟರೂ ಅಷ್ಟಕ್ಕಷ್ಟೇ. ಕಂಪ್ಯೂಟರ್ ತಡೆದುಕೊಳ್ಳುವಂತಿದ್ದರೆ ವಿಂಡೋಸ್ 11ಕ್ಕೆ ಹೋಗಿ, ಅದು ಉಚಿತ. ಆಗದಿದ್ದರೆ ಆ ಕಂಪ್ಯೂಟರನ್ನು ಲೆಕ್ಕ ಬರೆಯೋದಕ್ಕೆ ಮಾತ್ರ ಇಟ್ಟುಕೊಳ್ಳಿ, ಬ್ಯಾಂಕ್ ವ್ಯವಹಾರ ಅದರಲ್ಲಿ ಬೇಡ. ಆಂಟಿವೈರಸ್ಸಿಗೆ ಅಂತ ವರ್ಷ ವರ್ಷ ಕೊಡುವ ದುಡ್ಡನ್ನು ಹೊಸ ಯಂತ್ರಕ್ಕೆ ಕೂಡಿಡಿ.

ಪುಕ್ಕಟೆ ಸಿಗುತ್ತೆ ಅಂತ ಕಳ್ಳ ಕಾಪಿ ವಿಂಡೋಸ್, 'ಕ್ರ್ಯಾಕ್' ಮಾಡಿದ ಸಾಫ್ಟ್‌ವೇರ್ ಹಾಕಿಸಬೇಡಿ. ಕ್ರ್ಯಾಕ್ ಓಡಿಸೋಕೆ ಮೊದಲು ಆಂಟಿವೈರಸ್ ಆಫ್ ಮಾಡಿ ಅಂತಾರಲ್ಲ, ಯಾಕೆ ಅಂತ ಒಂದು ನಿಮಿಷ ಯೋಚಿಸಿ. ಕಳ್ಳ ಕಾಪಿ ಆಂಟಿವೈರಸ್ ಹಾಕಿಸೋದಂತೂ ಕಳ್ಳನನ್ನೇ ತೋಟ ಕಾಯಲು ಕೂರಿಸಿದಂತೆ.

ಇನ್ನು ಪೆನ್‌ಡ್ರೈವ್. ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಸ್ಟುಡಿಯೋ ಅಂತ ಊರೆಲ್ಲ ಸುತ್ತಿ ಬಂದ ಪೆನ್‌ಡ್ರೈವನ್ನು ಹಾಗೇ ತೆರೆಯಬೇಡಿ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಸ್ಕ್ಯಾನ್ ಮಾಡುವ ಆಯ್ಕೆ ಬರುತ್ತೆ, ಮೊದಲು ಅದನ್ನು ಮಾಡಿ.

ಯಾರು ದುಡ್ಡು ಕೊಟ್ಟು ಕೊಳ್ಳಬೇಕು?

ನಿಮ್ಮ ಕಂಪ್ಯೂಟರಿನಲ್ಲಿ ಬೇರೆಯವರ ಆಧಾರ್, ಪಾಸ್‌ಬುಕ್, ಪಹಣಿ ಇದ್ದರೆ ನೀವು ಕೊಳ್ಳಬೇಕು. ಗ್ರಾಮ ಒನ್ ಕೇಂದ್ರ ನಡೆಸುವವರು, ಸಹಕಾರ ಸಂಘದ ಲೆಕ್ಕ ಬರೆಯುವವರು, ಗೊಬ್ಬರದಂಗಡಿ, ಅಡಿಕೆ ಅಥವಾ ಶುಂಠಿ ವ್ಯಾಪಾರದ ಖಾತೆ ಇಡುವವರು, ದಿನಕ್ಕೆ ಹತ್ತಾರು ಜನರ ಪೆನ್‌ಡ್ರೈವ್ ಹಾಕುವ ಅಂಗಡಿಯವರು ಈ ಪಟ್ಟಿಯಲ್ಲಿ ಬರ್ತಾರೆ. ಇವರಿಗೆ ಹೆಚ್ಚಿನ ರಕ್ಷಣೆಯ ಜೊತೆಗೆ ತೊಂದರೆ ಆದಾಗ ಫೋನ್ ಎತ್ತುವ ಕಂಪನಿಯವರೂ ಬೇಕು. ಕೊಳ್ಳುವಾಗ ಇವನ್ನು ನೋಡಿ:

• ಮೊದಲು ಟ್ರಯಲ್ ಹಾಕಿ ನೋಡಿ. ಎಷ್ಟೋ ಕಂಪನಿಗಳು ಒಂದು ತಿಂಗಳು ಉಚಿತ ಕೊಡ್ತವೆ. ಹಳೆಯ ಕಂಪ್ಯೂಟರ್ ಎತ್ತಿನಗಾಡಿ ಆಗಿಬಿಟ್ಟರೆ ಅದು ನಿಮಗಲ್ಲ.

• ಎರಡನೇ ವರ್ಷದ ಬೆಲೆ ಕೇಳಿ. ಮೊದಲ ವರ್ಷ ಕಡಿಮೆ ಇಟ್ಟು ನವೀಕರಣಕ್ಕೆ ದುಪ್ಪಟ್ಟು ಹಾಕೋದುಂಟು. 'ಆಟೋ ರಿನ್ಯೂವಲ್' ಆನ್ ಇದ್ದರೆ ಖಾತೆಯಿಂದ ತಾನಾಗೇ ಕಡಿತ ಆಗುತ್ತೆ.

• ಒಂದು ಲೈಸೆನ್ಸಿಗೆ ಎಷ್ಟು ಸಾಧನ ಅಂತ ನೋಡಿ. ಮೂರು ಸಾಧನಕ್ಕೆ ಒಟ್ಟಿಗೆ ಕೊಳ್ಳೋದು ಸಾಮಾನ್ಯವಾಗಿ ಅಗ್ಗ.

• ಎರಡು ಆಂಟಿವೈರಸ್ ಒಟ್ಟಿಗೆ ಬೇಡ. ಗೊತ್ತಿಲ್ಲದೇ ಎರಡು ಔಷಧಿಯನ್ನು ಒಂದೇ ಡ್ರಮ್ಮಿನಲ್ಲಿ ಕಲಸಿದಂತೆ ಅದು. ಬೇರೆಯದನ್ನು ಹಾಕಿದಾಗ ಡಿಫೆಂಡರ್ ತಾನಾಗೇ ಹಿಂದೆ ಸರಿಯುತ್ತೆ.

• ಅವಧಿ ಮುಗಿದ ಆಂಟಿವೈರಸ್ಸನ್ನು ಹಾಗೇ ಬಿಡಬೇಡಿ. ನವೀಕರಿಸಿ, ಇಲ್ಲಾ ಕಿತ್ತುಹಾಕಿ ಡಿಫೆಂಡರ್ ಮತ್ತೆ ಆನ್ ಆಗಿದೆಯಾ ಅಂತ ನೋಡಿ.

• ಉಚಿತ ಅನ್ನುವವರು ಹೇಗೆ ದುಡ್ಡು ಮಾಡ್ತಾರೆ ಅಂತ ಯೋಚಿಸಿ. ಅವಾಸ್ಟ್ ಅನ್ನೋ ಹೆಸರಾಂತ ಕಂಪನಿ ತನ್ನ ಬಳಕೆದಾರರು ಯಾವ ಯಾವ ವೆಬ್‌ಸೈಟ್ ನೋಡಿದರು ಅನ್ನೋ ಮಾಹಿತಿಯನ್ನು ಬೇರೆಯವರಿಗೆ ಮಾರಿತು ಅನ್ನೋ ಆರೋಪದ ಮೇಲೆ, 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 1 ಕೋಟಿ 65 ಲಕ್ಷ ಡಾಲರ್ ಕಟ್ಟಿಸಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡೋದು?

ಕಂಪ್ಯೂಟರಿಗೆ ಆಗಲೇ ಸೋಂಕು ತಗುಲಿದೆ ಅನ್ನಿಸಿದರೆ ಕೇಂದ್ರ ಸರ್ಕಾರದ 'ಸೈಬರ್ ಸ್ವಚ್ಛತಾ ಕೇಂದ್ರ' ಇದೆ. 2017ರ ಫೆಬ್ರವರಿ 21ರಂದು ಶುರುವಾದದ್ದು. ಆಂಟಿವೈರಸ್ ಕಂಪನಿಗಳ ಜೊತೆ ಸೇರಿ ಶುದ್ಧ ಮಾಡುವ ಟೂಲ್‌ಗಳನ್ನು ಅದರ ವೆಬ್‌ಸೈಟಿನಲ್ಲಿ ಉಚಿತವಾಗಿ ಕೊಡ್ತಾರೆ.

ಏನೇ ಹಾಕಿದರೂ ಮುಖ್ಯ ಫೈಲ್‌ಗಳ ಒಂದು ಪ್ರತಿ ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇರಲಿ. ಕಾಪಿ ಆದ ಮೇಲೆ ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿ ಇಡಿ. ಬೀಗ ಹಾಕುವ ವೈರಸ್ ಬಂದರೂ ಬೀರುವಿನವರೆಗೆ ಅದರ ಕೈ ಹೋಗಲ್ಲ.

ಈಗಾಗಲೇ ಒತ್ತಿಬಿಟ್ಟಿದ್ದರೆ?

ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ. ಅಪ್ಪ ಬೈತಾರೆ, ಊರವರು ನಗ್ತಾರೆ ಅಂತ ಮುಚ್ಚಿಟ್ಟಷ್ಟು ಹೊತ್ತೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಇರುತ್ತೆ. ಈ ಕ್ರಮದಲ್ಲಿ ಮಾಡಿ:

1. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಆಫ್ ಮಾಡಿ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ, ಹಳೆಯ ಬಟನ್ ಫೋನ್ ಆದರೂ ಆಯ್ತು.

2. ಮತ್ತೊಂದು ಫೋನಿನಿಂದ 1930ಕ್ಕೆ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ಸೈಬರ್ ವಂಚನೆ ಸಹಾಯವಾಣಿ. ಬೇಗ ತಿಳಿಸಿದರೆ ದುಡ್ಡು ಹೋಗಿ ಸೇರಿದ ಖಾತೆಯಲ್ಲೇ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತೆ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ವೆಬ್‌ಸೈಟಿನಲ್ಲೂ ದೂರು ಕೊಡಬಹುದು. ಶಿವಮೊಗ್ಗದಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ, ಹತ್ತಿರದ ಠಾಣೆಗೂ ಹೋಗಬಹುದು.

3. ಬ್ಯಾಂಕಿಗೆ ಫೋನ್ ಮಾಡಿ ಖಾತೆ, ಯುಪಿಐ, ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ಗ್ರಾಹಕನ ತಪ್ಪಿಲ್ಲದೇ ಹೊರಗಿನವರ ಕೈವಾಡದಿಂದ ಹೋದ ದುಡ್ಡನ್ನು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕ ಕಳೆದುಕೊಳ್ಳುವಂತಿಲ್ಲ. ಗ್ರಾಹಕನದೇ ಅಜಾಗರೂಕತೆ ಅಂತಾದರೆ, ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ನಂತರದ್ದು ಬ್ಯಾಂಕಿನದು. ಹೇಗೆ ನೋಡಿದರೂ ಬೇಗ ತಿಳಿಸಿದವರಿಗೇ ಲಾಭ.

4. ಗ್ರೂಪಿಗೆ ಬೇರೆಯವರಿಂದ ಸಂದೇಶ ಹಾಕಿಸಿ: 'ನನ್ನ ನಂಬರಿನಿಂದ ಬಂದ ಫೈಲ್ ಒತ್ತಬೇಡಿ.'

5. ಆಮೇಲೆ ಫೋನ್ ಶುದ್ಧ ಮಾಡಿ. ಆ ಆಪ್ ತೆಗೆದರೂ ಹೋಗದಿದ್ದರೆ ಆಕ್ಸೆಸಿಬಿಲಿಟಿ ಮತ್ತು 'ಡಿವೈಸ್ ಅಡ್ಮಿನ್' ಪಟ್ಟಿಯಲ್ಲಿ ಅದನ್ನು ಆಫ್ ಮಾಡಿ, ಮತ್ತೆ ತೆಗೆಯಿರಿ. ಫೋಟೋಗಳನ್ನು ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡೋದೇ ಎಲ್ಲಕ್ಕಿಂತ ಭದ್ರ. ಅದಕ್ಕೆ ಮೊದಲು ಕಳ್ಳ ಆಪ್‌ನ ಹೆಸರು, ಬಂದ ಮೆಸೇಜಿನ ಫೋಟೋವನ್ನು ಬೇರೆ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ, ದೂರಿಗೆ ಬೇಕಾಗುತ್ತೆ. ಪಾಸ್‌ವರ್ಡ್, ಯುಪಿಐ ಪಿನ್ ಬದಲಾಯಿಸೋದು ಶುದ್ಧವಾದ ಫೋನಿನಲ್ಲಿ ಮಾತ್ರ.

ಇವತ್ತು ರಾತ್ರಿ ಹತ್ತು ನಿಮಿಷದ ಕೆಲಸ

ಓದಿ ಮರೆಯುವ ಮುನ್ನ ಇಷ್ಟು ಮಾಡಿ. ನಿಮ್ಮ ಫೋನಿಗೆ ಮೊದಲು, ಆಮೇಲೆ ಅಪ್ಪ ಅಮ್ಮನ ಫೋನಿಗೆ.

• ಪ್ಲೇ ಸ್ಟೋರ್ ತೆರೆದು ಮೇಲಿನ ನಿಮ್ಮ ಫೋಟೋ ಒತ್ತಿ, ಪ್ಲೇ ಪ್ರೊಟೆಕ್ಟ್‌ಗೆ ಹೋಗಿ ಸ್ಕ್ಯಾನ್ ಮಾಡಿ. ಅಲ್ಲಿನ ಚಕ್ರದ ಗುರುತು ಒತ್ತಿದರೆ ಎರಡು ಆಯ್ಕೆ ಕಾಣುತ್ತೆ, ಎರಡೂ ಆನ್ ಇರಲಿ.

• ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆಪ್ಸ್' ಅಂತ ಹುಡುಕಿ. ವಾಟ್ಸಾಪ್, ಟೆಲಿಗ್ರಾಮ್, ಕ್ರೋಮ್, ಫೈಲ್ ಮ್ಯಾನೇಜರ್ ಎಲ್ಲದರ ಮುಂದೆಯೂ ಅನುಮತಿ ಇಲ್ಲ ಅಂತಿರಬೇಕು.

• ಯಾವ ಆಪ್‌ಗಳಿಗೆ ಎಸ್‌ಎಂಎಸ್ ಅನುಮತಿ ಇದೆ, ಯಾವುದಕ್ಕೆ ಆಕ್ಸೆಸಿಬಿಲಿಟಿ ಇದೆ ನೋಡಿ. ಗುರುತಿಲ್ಲದ್ದನ್ನು ಆಫ್ ಮಾಡಿ.

• ಫೋನಿನ 'ಸೆಕ್ಯುರಿಟಿ ಅಪ್‌ಡೇಟ್' ದಿನಾಂಕ ನೋಡಿ. ಎರಡು ಮೂರು ವರ್ಷ ಹಳೆಯದಾಗಿದ್ದು ಹೊಸದು ಬರ್ತಾ ಇಲ್ಲದಿದ್ದರೆ, ಆ ಫೋನಿನಲ್ಲಿ ದೊಡ್ಡ ಮೊತ್ತದ ಖಾತೆ ಬೇಡ.

• ಬೆಳೆ ಮಾರಿದ ದುಡ್ಡು ಬರುವ ಖಾತೆ ಒಂದು, ಯುಪಿಐಗೆ ಜೋಡಿಸಿದ ಸಣ್ಣ ಖಾತೆ ಇನ್ನೊಂದು ಮಾಡಿಕೊಳ್ಳಿ. ಒಂದು ಕಡೆ ಬೇಲಿ ಮುರಿದರೂ ಇಡೀ ಫಸಲು ಹೋಗಲ್ಲ.

ಇಷ್ಟಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ವರ್ಷವಿಡೀ ಮಳೆ, ಹುಳು, ಹಂದಿ, ಮಂಗ, ರೇಟು ಎಲ್ಲದರಿಂದ ಕಾಪಾಡಿ ತಂದ ದುಡ್ಡು ಅದು. ಒಂದು ಬೆರಳು ಒತ್ತಿದ್ದಕ್ಕೆ ಹೋಗೋದು ಬೇಡ. ಈ ಲೇಖನ ಉಪಯೋಗ ಆಗುತ್ತೆ ಅನ್ನಿಸಿದರೆ ನಿಮ್ಮ ಊರಿನ ಗ್ರೂಪಿಗೂ ಹಾಕಿ. ಓದೋಕೆ ಪುರುಸೊತ್ತಿಲ್ಲದ ಹಿರಿಯರಿಗೆ ಒಂದೇ ಮಾತು ಹೇಳಿದರೂ ಸಾಕು: "ಎಪಿಕೆ ಅಂತ ಬಂದರೆ ಒತ್ತಬೇಡಿ, ನನ್ನನ್ನು ಕೇಳಿ."